ಸೈಕಲ್ ಫ್ರೀವೀಲಿನ ರೋಬೋಟ್

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಊಟದ ಹಾಲ್ ಕಡೆಗೆ ಆಗಲೇ ಕಣ್ಣು ಹಾಯಿಸುತ್ತಿರುವ ವಿದ್ಯಾರ್ಥಿ ಮಿತ್ರರೇ, ಸಭಿಕರೇ,

ಬೆಳ್ತಂಗಡಿಯ ಒಂದು ಸಣ್ಣ ಲೇತ್ ಅಂಗಡಿಯಿಂದ ಮೂಡುಬಿದಿರೆಯ ಈ ಕಾಲೇಜಿನ ವರ್ಕ್‌ಶಾಪಿಗೆ ಬಂದವನು ನಾನು. ಹತ್ತೊಂಬತ್ತು ವರ್ಷ ಕಬ್ಬಿಣ ಕೊರೆದದ್ದು ಬಿಟ್ಟರೆ ಬೇರೇನೂ ಮಾಡಿದವನಲ್ಲ. ಅಂಥವನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ! ಸಾಲದ್ದಕ್ಕೆ ನನ್ನನ್ನು ಪರಿಚಯಿಸಿದವರು 'ಫ್ರೀವೀಲ್ ರುಕ್ಮಯ್ಯ' ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯ ಬಗ್ಗೆಯೇ ಎರಡು ಮಾತು ಹೇಳಬೇಕಾಗಿದೆ.

ಪ್ರಾಂಶುಪಾಲರ ಕೊಠಡಿಯ ಗಾಜಿನ ಕಪಾಟಿನಲ್ಲಿರುವ ರೋಬೋಟನ್ನು ನೀವು ನೋಡಿದ್ದೀರಿ. ಆರು ವರ್ಷದ ಹಿಂದೆ, ೨೦೦೩ರಲ್ಲಿ, ಚೆನ್ನೈಯ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ತಂದದ್ದು ಅದು. ಮರದ ತುಂಡುಗಳನ್ನು ಒಯ್ದು ಎತ್ತರದ ಹಲಗೆಯ ಮೇಲೆ ಇಡಬೇಕು, ಯಂತ್ರದ ತೂಕ ಐದು ಕಿಲೋ ಮೀರಬಾರದು. ಇದು ಸ್ಪರ್ಧೆಯ ನಿಯಮ. ಚಕ್ರಕ್ಕೊಂದು, ಕೈ ಎತ್ತಲು ಇನ್ನೊಂದು ದೊಡ್ಡ ಮೋಟಾರು ಇಟ್ಟರೆ ತೂಕ ಮೀರುತ್ತಿತ್ತು. ನಾವು ತಗಡು ಕತ್ತರಿಸಿದೆವು, ಬೋಲ್ಟು ಕಡಿಮೆ ಮಾಡಿದೆವು, ಏನು ಮಾಡಿದರೂ ಮುನ್ನೂರು ಗ್ರಾಂ ಹೆಚ್ಚು. ಕೊನೆಗೆ ಉಪಾಯ ಹೊಳೆಯಿತು. ಸೈಕಲ್ಲಿನ ಪೆಡಲನ್ನು ಮುಂದಕ್ಕೆ ತುಳಿದರೆ ಚಕ್ರ ತಿರುಗುತ್ತದೆ, ಹಿಂದಕ್ಕೆ ತುಳಿದರೆ ಟಿಕಟಿಕ ಎನ್ನುತ್ತದೆ ಅಷ್ಟೆ; ಹಿಂದಿನ ಚಕ್ರದಲ್ಲಿರುವ ಫ್ರೀವೀಲ್ ಎಂಬ ಹಲ್ಲುಚಕ್ರದ ಗುಣ ಅದು. ಅಂಥ ಎರಡು ಫ್ರೀವೀಲ್‌ಗಳನ್ನು ಒಂದೇ ಮೋಟಾರಿಗೆ ಎದುರುಬದುರಾಗಿ ಜೋಡಿಸಿದರೆ? ಮೋಟಾರು ಮುಂದಕ್ಕೆ ತಿರುಗಿದಾಗ ಯಂತ್ರ ಓಡುತ್ತದೆ, ಹಿಂದಕ್ಕೆ ತಿರುಗಿದಾಗ ಯಂತ್ರ ನಿಂತು ಕೈ ಏಳುತ್ತದೆ. ಎತ್ತಿದ ಕೈ ಜಾರದಂತೆ ಒಂದು ಸಣ್ಣ ಕೊಕ್ಕೆ. ಒಂದು ಮೋಟಾರು, ಎರಡು ಕೆಲಸ. ತೀರ್ಪುಗಾರರು ನೆಲದ ಮೇಲೆ ಕುಳಿತು ನೋಡಿದರು. ಇದು ಯಾರ ತಲೆ ಎಂದು ಕೇಳಿದರು. ಹುಡುಗರು ನನ್ನ ಮುಖ ನೋಡಿದರು. 'ನಮ್ಮ ಕಾಲೇಜಿನದು' ಎಂದೆ.

ಕಾಲೇಜಿಗೆ ತಲೆ ಇರುತ್ತದೆಯೇ ಸಭಿಕರೇ? ಅದು ಶಹಲಾ ಎಂಬ ವಿದ್ಯಾರ್ಥಿನಿಯ ತಲೆ. ಪ್ರಮಾಣಪತ್ರದಲ್ಲಿ ನಾಲ್ಕು ಹುಡುಗರ ಹೆಸರಿದೆ, ಅವಳ ಹೆಸರಿಲ್ಲ. ಫರಂಗಿಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಅಬೂಬಕ್ಕರ್ ಅವರ ಮಗಳು. ಅಪ್ಪನ ಅಂಗಡಿಯಿಂದ ಎರಡು ಹಳೆಯ ಫ್ರೀವೀಲ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೇಪರಿನಲ್ಲಿ ಸುತ್ತಿ ತಂದವಳು ಅವಳೇ.

ಹೊರ ಊರಿಗೆ ಹೋಗುವ ವಿದ್ಯಾರ್ಥಿನಿಯರ ಮನೆಗೆ ಮೇಲ್ವಿಚಾರಕರೇ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ತರುವುದು ನಮ್ಮಲ್ಲಿ ಪದ್ಧತಿ. ಆ ತಂಡದ ಮೇಲ್ವಿಚಾರಕ ನಾನು. ಅಪ್ಪನನ್ನು ಉಪ್ಪ ಎಂದು ಕರೆಯುವ ಶಹಲಾ ಹೇಳಿದ್ದಳು: "ಸಾರ್, ಉಪ್ಪನಲ್ಲಿ ನೀವೇ ಕೇಳಿ. ನಾನು ಕೇಳಿದರೆ ಮಗಳ ಹಟ ಅಂತ ಆಗ್ತದೆ. ನೀವು ಕೇಳಿದರೆ ಅದಕ್ಕೊಂದು ತೂಕ ಉಂಟು."

ಹೋದೆ. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಾಯಿಸಿ ಫರಂಗಿಪೇಟೆಯಲ್ಲಿ ಇಳಿದೆ. ಹೆದ್ದಾರಿಯ ಆಚೆ ಬದಿಯಲ್ಲಿ ಅಂಗಡಿ. ಎದುರಿನ ಬೆಂಚಿನಲ್ಲಿ ನಾಲ್ಕೈದು ಹಿರಿಯರು ಟೊಪ್ಪಿ ಹಾಕಿಕೊಂಡು ಕುಳಿತು ಮಾತಾಡುತ್ತಿದ್ದರು. ಇವರ ಮುಂದೆ ಹೋಗಿ, ನಿಮ್ಮ ಮಗಳನ್ನು ನಾಲ್ಕು ಹುಡುಗರ ಜೊತೆ ಚೆನ್ನೈಗೆ ಕಳಿಸಿ ಎಂದು ಕೇಳುವುದೇ? ಇಂಥವರು ಒಪ್ಪುತ್ತಾರೆಯೇ? ಇಂಥವರು ಎಂದೆ ನೋಡಿ, ಹಾಗೆಯೇ ಅಂದುಕೊಂಡೆ. ಅವರಲ್ಲಿ ಒಬ್ಬರ ಪರಿಚಯವೂ ನನಗಿರಲಿಲ್ಲ. ರಸ್ತೆ ದಾಟಲಿಲ್ಲ. ಹೋಟೆಲಿನಲ್ಲಿ ಒಂದು ಚಹಾ ಕುಡಿದು ವಾಪಸು ಬಸ್ಸು ಹಿಡಿದೆ.

ಮರುದಿನ ಅವಳು ವರ್ಕ್‌ಶಾಪಿನ ಬಾಗಿಲಲ್ಲೇ ಕಾಯುತ್ತಿದ್ದಳು. ಹೋಗಿ ಹೆದರಿ ಬಂದೆ ಎನ್ನಲು ನಾಚಿಕೆಯಾಯಿತು. "ಉಪ್ಪ ಒಪ್ಪಲಿಲ್ಲ" ಎಂದೆ. ಒಂದು ಸುಳ್ಳು ಮುಚ್ಚಲು ಇನ್ನೊಂದು ಬೇಕಲ್ಲ? "ಮನೆಯಲ್ಲಿ ಈ ವಿಷಯ ಎತ್ತಬೇಡ, ಅವರಿಗೆ ಬೇಸರವಾದೀತು" ಎಂದೂ ಸೇರಿಸಿದೆ. "ಆಯ್ತು ಸಾರ್" ಎಂದಳು. ಅಷ್ಟೆ. ಯಂತ್ರದ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿ ಹುಡುಗರ ಕೈಗೆ ಕೊಟ್ಟಳು. ಆಮೇಲೆ ವರ್ಕ್‌ಶಾಪಿಗೆ ಪರೀಕ್ಷೆಗಲ್ಲದೆ ಬರಲಿಲ್ಲ. ಪುಣೆಯ ಕಂಪನಿಯೊಂದು ಕೆಲಸ ಕೊಟ್ಟರೂ ಹೋಗಲಿಲ್ಲ. "ಉಪ್ಪನಿಗೆ ಇಷ್ಟವಿಲ್ಲದ್ದು ಬೇಡ ಸಾರ್" ಎಂದಳು. ಮದುವೆಯಾಗಿ ಸೌದಿಯ ದಮ್ಮಾಮಿಗೆ ಹೋದಳು.

ಕಳೆದ ವರ್ಷ ಮೊಮ್ಮಗನ ಸೈಕಲ್ಲಿಗೆ ಟಯರು ಬೇಕೆಂದು ಆ ಅಂಗಡಿಗೆ ಹೋದೆ. ಈ ಸಲ ರಸ್ತೆ ದಾಟಿದೆ. ಮಗಳ ಕಾಲೇಜಿನವನೆಂದು ತಿಳಿದು ಅಬೂಬಕ್ಕರ್ ನನ್ನನ್ನು ಕೂರಿಸಿ ಹೇಳಿದರು: "ಮಗಳು ಚೆನ್ನೈಯ ಸ್ಪರ್ಧೆಗೆ ಅಂತ ಫ್ರೀವೀಲ್ ತಕೊಂಡು ಹೋಗಿದ್ದಳಲ್ಲ ಮಾಸ್ಟ್ರೇ, ಮತ್ತೆ ಅದರ ಸುದ್ದಿಯೇ ಹೇಳಲಿಲ್ಲ. ಕಾಲೇಜಿನವರು ಯಾರಾದರೂ ಬಂದಾರು ಅಂತ ನೋಡಿದೆ. ಒಂದು ಮಾತು ಕೇಳಿದ್ದರೆ ಅಂಗಡಿ ಬಂದ್ ಮಾಡಿ ನಾನೇ ಜೊತೆಗೆ ಹೋಗ್ತಿದ್ದೆ." ಆಗಲೂ ನಿಜ ಹೇಳದೆ ದುಡ್ಡು ಎಣಿಸಿ ಕೊಟ್ಟೆ. ಟಯರು ತೆಗೆದುಕೊಂಡು ಬಂದೆ.

ಅವರು ಕಳೆದ ತಿಂಗಳು ತೀರಿಹೋದರು. ಶಹಲಾ ಬಂದಿದ್ದಾಳೆಂದು ತಿಳಿದು ಮಾತಾಡಿಸಲು ಹೋದೆ. ಅವಳು ಕೇಳಿದಳು: "ಉಪ್ಪ ನನಗೆ ಯಾವುದಕ್ಕೂ ಬೇಡ ಅಂದವರಲ್ಲ ಸಾರ್. ಅದೊಂದಕ್ಕೆ ಮಾತ್ರ ಯಾಕೆ ಬೇಡ ಅಂದರು? ಕೇಳುವ ಕೇಳುವ ಅಂತ ಇದ್ದೆ. ಕೇಳಲಿಕ್ಕೆ ಆಗಲಿಲ್ಲ."

ಸಭಿಕರೇ, ಆ ಮನೆಯಲ್ಲಿಯೂ ನಾನು ತಲೆತಗ್ಗಿಸಿ ಎದ್ದು ಬಂದೆ. ಇವತ್ತಿನ ಆಮಂತ್ರಣ ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದೆ. ಬರುತ್ತಾಳೆಂಬ ನಂಬಿಕೆ ಇರಲಿಲ್ಲ. ಬಂದಿದ್ದಾಳೆ. ಬಾಗಿಲ ಬಳಿಯ ಸಾಲಿನಲ್ಲಿ ಕುಳಿತಿದ್ದಾಳೆ. ದಯವಿಟ್ಟು ಯಾರೂ ಹಿಂದಿರುಗಿ ನೋಡಬೇಡಿ.

ಶಹಲಾ, ನಿನ್ನ ಉಪ್ಪ ಬೇಡ ಅನ್ನಲಿಲ್ಲ ಮಗಾ. ಅವರನ್ನು ನಾನು ಕೇಳಲೇ ಇಲ್ಲ. ಕೇಳಿದ್ದರೆ ಅವರೂ ಚೆನ್ನೈಗೆ ಬರುತ್ತಿದ್ದರು, ನನ್ನ ಹತ್ತಿರ ಅವರೇ ಹಾಗೆ ಹೇಳಿದ್ದಾರೆ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆರು ವರ್ಷ ಅವರ ಮೇಲೆ ಇಟ್ಟುಕೊಂಡ ಬೇಸರವನ್ನು ಅವರ ಮೇಲಿಂದ ತೆಗೆದು ನನ್ನ ಮೇಲೆ ಹಾಕು.

ಇಷ್ಟು ಹೇಳಲು ಮೈಕು ಕೊಟ್ಟ ಅಧ್ಯಕ್ಷರಿಗೆ, ಎದ್ದು ಹೋಗದೆ ಕೇಳಿದ ನಿಮಗೆಲ್ಲ ನಾನು ಋಣಿ. ಚಪ್ಪಾಳೆ ಬೇಡ. ನಮಸ್ಕಾರ.