ಸಾಲಿನಲ್ಲಿಟ್ಟ ನಲವತ್ತು ಚೀಲ

…ಕೂತ್ಕೋ ಇಲಾರಿಯೆ, ನಿಂತೇ ಇದ್ರೆ ನನ್ನ ಪ್ಲಮ್ ಸಾರಾಯಿಗೆ ಅವಮಾನ. ಬೇಡ್ವಾ? ನೀನು ಬೇಡ ಅಂದಿದ್ದು ಇದೇ ಮೊದಲು!

ದ್ರೋಹ ಕಣಯ್ಯ, ದ್ರೋಹ! ಇಡೀ ಗಲಾತ್ಸ್ ಊರಲ್ಲಿ ಮೊದಲು ಇಂಟರ್ನೆಟ್ ಎಳೆದ ಅಪಾರ್ಟ್‌ಮೆಂಟ್ ಬ್ಲಾಕ್ ಯಾವ್ದು? ನಮ್ದು. ಎಳೆದೋನು ಯಾರು? ಈ ಪಂತೆಲಿ! ಎಂಟನೇ ಮಹಡಿ ಚಾವಣಿಯಿಂದ ಎದುರು ಬ್ಲಾಕಿಗೆ ನಾನು ತಂತಿ ಎಸೆದ ರಭಸಕ್ಕೆ ದಾರೀಲಿದ್ದ ಎರಡು ಪಾರಿವಾಳಾನೂ ಸುತ್ಕೊಂಡು ಹೋಯ್ತು… ಯಾಕೆ ಹಂಗ್ ನೋಡ್ತೀಯ? ಆ ಕಡೆ ತುದಿ ಹಿಡಿದೋನು ನೀನೇ ಅಲ್ವಾ! ಸರಿ, ಪಾರಿವಾಳ ಇರ್ಲಿಲ್ಲ. ತಂತಿ ಇತ್ತು ತಾನೆ?

ಅಂಥೋನ ಕೈಯಿಂದ ಬ್ಲಾಕಿನೋರು ಇಂಟರ್ನೆಟ್ ಪೆಟ್ಟಿಗೆ ಬೀಗದ ಕೈ ಕಿತ್ಕೊಳ್ತಾರಂತೆ, ಹನ್ನೆರಡಕ್ಕೆ ಸಭೆಯಂತೆ! ಇಪ್ಪತ್ತೆರಡು ಮನೆ, ಒಂದೇ ಲೈನು. ಸಮ ಹಂಚಿದ್ದೇ ತಪ್ಪಾಯ್ತಾ? ಆ ರೇಷನ್ ಕಾಲದ ಮಾಂಸದಂಗಡಿ ಸಾಲು ನೆನಪಿದ್ಯಾ? ಮನುಷ್ಯ ಮನೇಲಿ ಬೆಚ್ಚಗಿರ್ತಿದ್ದ, ಸಾಲಲ್ಲಿ ಅವನ ಚೀಲ ನಿಂತಿರ್ತಿತ್ತು. ನಮ್ಮ ಪೆಟ್ಟಿಗೆನೂ ಹಾಗೇ. ಮುಖ ನೋಡಲ್ಲ, ಚೀಲ ಎಣಿಸುತ್ತೆ, ಚೀಲಕ್ಕೊಂದು ತುಂಡು. ಯಾವನೋ ಪಾಪಿ ಒಬ್ಬನೇ ನಲವತ್ತು ಚೀಲ ಇಟ್ಟಿದ್ದಾನೆ! ನಲವತ್ತು ಕಡೆಯಿಂದ ಒಟ್ಟಿಗೇ ಡೌನ್‌ಲೋಡ್ ಮಾಡ್ಕೊಳ್ತಾನೆ. ನಿನ್ನ ಒಂದು ಚೀಲಕ್ಕೆ ಮೂಳೆ.

ಗೊತ್ತು ಮಾರಾಯ, ಗೊತ್ತು. ಇಟಲೀಲಿ ಯಾವುದೋ ಮುದುಕೀನ ನೋಡ್ಕೊಂಡಿರೋ ನಿನ್ನ ಹೆಂಡ್ತಿ ಸಫ್ತಾಗೆ ಭಾನುವಾರ ಹನ್ನೊಂದಕ್ಕೆ ಒಂದೇ ಒಂದು ಗಂಟೆ ಬಿಡುವು. ಹೋದ ವಾರ "ಇಲಾರಿಯೆ, ಡಾಕ್ಟ್ರು ಏನಂದ್ರು ಅಂದ್ರೆ…" ಅಂದೋಳು ಬಾಯಿ ತೆರೆದಂಗೇ ಫೋನ್ ತೆರೆ ಮೇಲೆ ನಿಂತುಬಿಟ್ಳು. ನಂಗೂ ಸಂಕಟ ಆಗುತ್ತಪ್ಪ!

ದೊಮ್ನಿಕ ಟೀಚರ್ ಕೆಲಸ ಇದು. ಮೂರನೇ ಮಹಡಿ. ಹಗಲೂ ರಾತ್ರಿ ಅಡುಗೆ ವಿಡಿಯೊ ನೋಡ್ತಾಳೆ… ಯಾಕೆ ತಲೆ ಆಡಿಸ್ತೀಯ? ಓ… ಅವಳು ತಿಂಗಳಿಂದ ಮಗನ ಊರಲ್ಲಿದ್ದಾಳೆ. ಹೌದಲ್ವಾ. ಹಂಗಾದ್ರೆ ಬೇರೆ ಯಾರೋ!

ಇರ್ಲಿ, ಸಭೇಲಿ ನೀನೊಬ್ಬ ನನ್ನ ಪರ ಕೈ ಎತ್ತು, ಸಾಕು. ಎಷ್ಟು ಸಿನಿಮಾ ಕೊಟ್ಟಿದ್ದೀನಿ ನಿಂಗೆ! ಯಾವ್ದು ಕೇಳಿದ್ರೂ ಪಂತೆಲಿ ಹತ್ರ ಇದೆ ಅಂತ ಬ್ಲಾಕಿಗೆ ಬ್ಲಾಕೇ ಹೊಗಳುತ್ತೆ. ಇನ್ನೂ ಥಿಯೇಟರಿಗೆ ಬಾರದ್ದೂ…

ಏನು ಕಿವಿಗೊಡ್ತಿದ್ದೀಯ? ಗುಂಯ್ ಅನ್ನೋದಾ? ಫ್ರಿಜ್ಜಯ್ಯ. ಹಳೇದು. ನನಗಿಂತ ಜಾಸ್ತಿ ಮಾತು ಅದಕ್ಕೆ! ಎದ್ದೆ ಯಾಕೆ? ಏ, ಪ್ಲಗ್ ಯಾಕೆ ಕಿತ್ತೆ? ಒಳಗೆ ಮಾಂಸ ತುಂಬಿದ ಎಲೆಕೋಸಿನ ಸರ್ಮಾಲೆ ಇದೆ, ಹಳಸಿ ಹೋಗುತ್ತೆ, ಹಾಕೋ!

…

ಗುಂಯ್ ಅಂತಾನೇ ಇದೆ, ಅಲ್ವಾ.

ಉಗ್ರಾಣದ ಬಾಗಿಲು ಬಿಡು ಇಲಾರಿಯೆ. ಅಲ್ಲಿ ಉಪ್ಪಿನಕಾಯಿ ಭರಣಿ… ಭರಣಿ ಹಿಂದೆ ಕಂಪ್ಯೂಟರು… ನಲವತ್ತು ಚೀಲಾನೂ ನಂದೇ. ಸಿನಿಮಾ ಸಿನಿಮಾ ಅಂತ ಎಲ್ರೂ ಕೇಳೋರು ಕಣೋ, ಇಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಬೈಯೋ! ಏನಾದ್ರೂ ಅನ್ನೋ!

ತಗೋ, ಅದರ ಪ್ಲಗ್ ನಾನೇ ಕಿತ್ತೆ. ನಿಂತ್ಹೋಯ್ತು, ಕೇಳು. ಹನ್ನೊಂದಕ್ಕೆ ಐದು ನಿಮಿಷ ಇದೆ, ಓಡು, ಇವತ್ತು ಪೂರ್ತಿ ಹೇಳ್ತಾಳೆ. ಬೀಗದ ಕೈ ಮೇಜಿನ ಮೇಲಿದೆ, ನೀನೇ ಇಟ್ಕೋ…

ಇಲಾರಿಯೆ… ಬಾಗಿಲಾದ್ರೂ ಜೋರಾಗಿ ಹಾಕ್ಕೊಂಡು ಹೋಗ್ಬಾರ್ದಾ?