ನೋಡದೆ ಹೊಲಿದ ಹೊಟ್ಟೆ

ಇದು ಫ್ರೀಸ್‌ಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯ ನಿಂಕೆಗೆ ಆದದ್ದು. ಸರ್ಜನ್ ಅವಳು. ರಾತ್ರಿ ಆಸ್ಪತ್ರೆಯಿಂದ ನಡೆದು ಬರುತ್ತಿದ್ದಳು. ಚರ್ಚಿನ ಹಿಂದೆ ಹಳೆಯ ಬಾವಿ... ಅವಳಿಗೆ ಕತ್ತಲೆಯ ಭಯವಿರಲಿಲ್ಲ. ಮೈಯೆಲ್ಲ ಸಿಟ್ಟಿತ್ತು.

ಸಿಟ್ಟು ಮುಖ್ಯ ಸರ್ಜನ್ ಹಾರ್ಮೆನ್ ಮೇಲೆ. ಸಂಜೆ ವೀಬ್ರೆನ್ ಎಂಬ ಹಸು ಸಾಕುವ ರೈತನ ಹೊಟ್ಟೆ ತೆರೆದಿದ್ದರು. ಹಿಂದೆಂದೋ ಆದ ಆಪರೇಷನ್ನಿನಿಂದ ಕರುಳಿಗೆ ಕರುಳು ಅಂಟಿಕೊಂಡಿತ್ತು. ನಿಂಕೆ ಮೆಲ್ಲಗೆ ಎಳೆದು ಹಿಡಿದು, ಪದರ ಹುಡುಕಿ, ಕತ್ತರಿಯಲ್ಲಿ ಬಿಡಿಸುತ್ತಿದ್ದಳು. ಹಾರ್ಮೆನ್‌ಗೆ ಹಾಯಿದೋಣಿ ಪಂದ್ಯದ ಊಟಕ್ಕೆ ಹೊತ್ತಾಗುತ್ತಿತ್ತು. ರೋಗಿಯ ಹೊಟ್ಟೆಗಿಂತ ತನ್ನ ಹೊಟ್ಟೆ ಹತ್ತಿರ, ನೋಡಿ.

"ಗ್ರೀತ್ಯೆಯ ಶಿಷ್ಯೆ ಅಲ್ವಾ ನೀನು, ಆಮೆ! ಸರಿ ಆಚೆ," ಎಂದು ಅಂಟನ್ನು ಸುಟ್ಟು ಬಿಡಿಸಲು ಕರೆಂಟಿನ ಬಿಸಿ ಕಡ್ಡಿ ಇಟ್ಟ. ಚುರ್ರ್... ಕೊನೆಗೆ ಕರುಳನ್ನು ತುದಿಯಿಂದ ತುದಿಗೆ ಕೈಯಲ್ಲಿ ಹಾಯಿಸಿ ನೋಡುವ ವಾಡಿಕೆಯನ್ನೂ ಬಿಟ್ಟ. ಹೊಲಿದ. ಹೊರಟ.

ಬಾವಿಯ ಹತ್ತಿರ ಸದ್ದು. ಕಚ್... ಕಚ್... ಗಾಳಿ ಕತ್ತರಿಸುವ ಕತ್ತರಿಯದು.

ಕಟ್ಟೆಯ ಮೇಲೆ ಗ್ರೀತ್ಯೆ ಕೂತಿದ್ದಳು. ನಿಂಕೆಗೆ ಸರ್ಜರಿ ಕಲಿಸಿದ ಮುದುಕಿ. ಹೋದ ವರ್ಷವೇ ಮಣ್ಣು ಮಾಡಿದ್ದರು.

"ಕರುಳು ಸುಟ್ನಾ ಅವನು?"

"ಸುಟ್ರು..."

"ನೀನು ಗೊಂಬೆ ಥರ ನಿಂತಿದ್ಯಾ? ಸುಟ್ಟಿದ್ದು ಇವತ್ತು ಕಾಣಲ್ಲ ಹುಡುಗಿ. ಆಮೇಲೆ ತೂತಾಗುತ್ತೆ. ಹೊಲಸೆಲ್ಲ ಹೊಟ್ಟೆಗೆ ಇಳಿಯುತ್ತೆ. ಆಗ ಆ ರೈತನ ಗೋರಿಗೂ ಹೂ ತಗೊಂಡು ಹೋಗ್ತೀಯಾ?"

ನಿಂಕೆ ಆಸ್ಪತ್ರೆಗೆ ಓಡಿದಳು. ವೀಬ್ರೆನ್‌ಗೆ ಎಚ್ಚರವಾಗಿತ್ತು.

"ಒಳಗೆ ಪೂರ್ತಿ ನೋಡದೆ ಹೊಲಿದುಬಿಟ್ವಿ. ಮತ್ತೆ ತೆರೀಬೇಕು."

"ನೋಡದೇನಾ? ಹಸುಗಳನ್ನ ನೋಡದೆ ನಾನು ಕೊಟ್ಟಿಗೆ ಬಾಗಿಲೂ ಹಾಕಲ್ಲ ಡಾಕ್ಟ್ರೇ! ತೆರೀರಿ."

ಫೋನಿನಲ್ಲಿ ಹಾರ್ಮೆನ್ ಹೆರಿಂಗ್ ಮೀನು ಅಗಿಯುತ್ತಲೇ ಕಿರುಚಿದ. "ನಿನ್ನ ಕೆಲಸ ಹೋಯ್ತು ಅನ್ಕೋ!"

"ಹೋಗ್ಲಿ. ಆ ಮನುಷ್ಯ ಉಳೀಲಿ."

ಹೊಟ್ಟೆಯ ಹೊಲಿಗೆ ಬಿಚ್ಚಿದಳು. ಕರುಳನ್ನು ಗೇಣು ಗೇಣಾಗಿ ಹಾಯಿಸಿದಳು. ಸಿಕ್ಕಿತು... ಸುಟ್ಟು ಬಿಳಿಚಿದ ಕಲೆ. ಅಂಚು ಮಾತ್ರ ಕಾಣುತ್ತಿತ್ತು. ಉಳಿದದ್ದನ್ನು ಆಗಲೇ ಯಾರೋ ಒಳಕ್ಕೆ ಮಡಿಸಿ ಹೊಲಿದಿದ್ದರು.

ನಿಂಕೆಗೆ ಕೊಡಬೇಕಾದ ಸೂಜಿ ಇನ್ನೂ ನರ್ಸ್ ಕೈಯಲ್ಲೇ ಇತ್ತು. ಬೇಕಾದರೆ ಅವಳನ್ನೇ ಕೇಳಿ. ವೀಬ್ರೆನ್ ಈಗಲೂ ಸಂತೆಯಲ್ಲಿ ಚೀಸ್ ಮಾರುತ್ತಾನೆ. ನಡೆದದ್ದು ಸ್ವಾಮೀ, ಸುಳ್ಳು ಹೇಳಿ ನನಗೇನಾಗಬೇಕು? ಆ ಹೊಲಿಗೆಯ ನೂಲು ಗ್ರೀತ್ಯೆ ಬಳಸುತ್ತಿದ್ದ ಕಪ್ಪು ರೇಷ್ಮೆಯದು. ಆ ಆಸ್ಪತ್ರೆ ಅದನ್ನು ತರಿಸುವುದು ನಿಲ್ಲಿಸಿ ಎಷ್ಟೋ ವರ್ಷಗಳಾಗಿವೆ.