ಸೀಸೆಯೊಳಗಿನ ಸುಗಂಧರಾಜ

ಅಲ್ಲ ಕನಮ್ಮಿ ದಿವ್ಯಾ, ಸೆಂಟು ಅರ್ಧ ಸೀಸೆ ಖಾಲಿಯಾಗದ ಅಂದ್ರ ಮನೆಕೆಲ್ಸದೋಳೇ ಕದ್ದವಳ ಅಂತ ಯಾವ ಪೊಲೀಸು ಬಂದು ಬರ್ಕೊಟ್ಟ? ಚಿಕ್ಕಬಸಮ್ಮ ಎಂಟೊರ್ಸದಿಂದ ಈ ಮನೆ ಗುಡುಸ್ತಾವಳ. ಒಂದು ಚಮಚ ಆಚೀಚೆ ಆಗಿಲ್ಲ. ನಿನ್ನ ಮದ್ವ ಟೇಮಲ್ಲಿ ಒಡವೆ ಪೆಟ್ಗೇನೇ ಅವಳ ಮುಂದ ಬಾಯಿ ತಕ್ಕಂಡು ಬಿದ್ದಿತ್ತು, ಅವಳು ಮುಚ್ಚಿ ಬೀಗ ಆಕಿ ಬೀಗದ ಕೈ ತಂದು ನಂಗ ಕೊಟ್ಲು. ಅಂತೋಳ್ನ ನೆನ್ನೆ ನಿಂತ ಕಾಲಲ್ಲೇ "ನಾಳಿಂದ ಬರ್ಬ್ಯಾಡ" ಅಂದ್ಬುಟ್ಟಲ್ಲ. ಶಿವರತ್ನಮ್ಮನ ಸೊಸ ಕೂಲಿಯೋಳ್ನ ಕಳ್ಳಿ ಅಂದ್ಲು ಅಂತ ನಾಳ ಬೀದಿಯೆಲ್ಲ ಆಡ್ಕಳ್ತದ. ಅತ್ತ ಅಂತ ನಾ ಒಬ್ಳು ಇವ್ನಿ, ಒಂದು ಮಾತು ಕೇಳ್ಬಾರ್ದಾ?

ಯಾಕಂಗ ನನ್ನ ಕಡ ಬೆರ್ಳು ತೋರ್ಸ್ತೀಯ? ನಾನಾ? ನಾನೆಲ್ಲಿ ಏಳ್ದೆ? ... "ಆ ರೂಮ ದಿನಾ ಗುಡ್ಸೋರು ಯಾರು" ಅಂತ ಕೇಳ್ದೆ, ಅಷ್ಟೇಯ. ಕೇಳಿದ್ರ ತೆಪ್ಪಾ? ಕೇಳಿದ್ದು ನಾನು, ಕಳ್ಳಿ ಅಂದಿದ್ದು ನೀನು. ಇರ್ಲಿ ಬುಡು. ಬ್ಯಾಗ್ ಇಳಸು, ಕೂತ್ಕ. ಹನೂರಿಂದ ಬಸ್ಸಲ್ಲಿ ನಿಂತ್ಕಂಡೇ ಬಂದಿರ್ತೀಯ.

ಈಗ ನನ್ನ ಮಾತ ನ್ಯಾಯವಾಗಿ ಕೇಳು. ಈ ಸೆಂಟ ಯಾವಳಾರ ಕದೀತಾಳ? ಕದಿಯೋಕೂ ಸಾಮಾನ್ಗ ಒಂದು ಯೋಗ್ಯತೆ ಬ್ಯಾಡ್ವಾ? ನನ್ನ ಮಗ ಪ್ರಸಾದ ಇದ ಮೈಸೂರಿಂದ ತಂದ, ಸರಿ. ಎಂಡ್ರ ಮ್ಯಾಲೆ ಪ್ರೀತಿ, ತಂದ. ಡಬ್ಬಿಯೊಳ್ಗ ಡಬ್ಬಿ, ಅದ್ರೊಳ್ಗ ಒಂದು ತುಂಡು ರೇಷ್ಮ ಬಟ್ಟ, ಅದ್ರೊಳ್ಗ ಈ ಸೀಸೆ. ಕೊಳ್ಳೇಗಾಲದೋರ್ಗ ರೇಷ್ಮ ತೋರ್ಸಿ ಮಾರ್ತಾರಲ್ಲ, ಅವರ ಧೈರ್ಯವ ಮೆಚ್ಬೇಕು. ಮ್ಯಾಲೆ ಸುಗಂಧರಾಜದ ಚಿತ್ರ ಬ್ಯಾರೆ. ಊವಿಂದ ನಾರೂ ಸ್ವರ್ಗ ಸೇರ್ತು ಅಂತಾರ. ಇಲ್ಲಿ ಊವೂ ಇಲ್ಲ, ನಾರೂ ಇಲ್ಲ, ಬರೀ ಪಟ ಅದ.

ಸುಗಂಧರಾಜ ಅಂದ್ರ ಏನೂಂತ ನನ್ನ ಕೇಳು. ಬಂಡಳ್ಳೀಲಿ ನಮ್ಮಪ್ಪ ಅರ್ಧ ಎಕ್ರೆ ಆಕಿದ್ರು. ಕೋಳಿ ಕೂಗೋ ಒತ್ಗ ನಾವು ಅಕ್ಕತಂಗೀರು ಇಬ್ಬನೀಲಿ ನೆಂದ್ಕಂಡು ಮೊಗ್ಗ ಬುಡಿಸ್ತಿದ್ವಿ. ಅರಳೋಕ ಮುಂಚೇನೇ ಬುಡಿಸ್ಬೇಕು, ಅರಳ್ಬುಟ್ರ ಹಾರ ಕಟ್ಟೋನು ಮುಟ್ಟಲ್ಲ. ನಾವು ಕೊಯ್ದಿದ್ದೇ ಬಂತು, ಒಬ್ಳೂ ಅದ ಮುಡೀಲಿಲ್ಲ. ಮುಡಿಯೋಕ ಮಲ್ಲಿಗ, ಕನಕಾಂಬರ. ಇದು ಕೊರಳ್ಗ ಆಕೋ ಊವ. ಮದ್ವ ಗಂಡ್ಗೂ ಅದೇ ಹಾರ, ಮಂತ್ರಿಗೂ ಅದೇ ಹಾರ, ಎಣಕ್ಕೂ ಅದೇ ಹಾರ. ಮೂವರಲ್ಲಿ ಎಣ ಒಂದೇಯ ಅದ್ನ ಆಕಿದ ತಕ್ಷಣ ತಗ್ದು ಪಕ್ಕದೋನ ಕೈಗ ಕೊಡ್ದೆ ಇರೋದು.

ನಗು, ನಗು. ನಕ್ರ ಕ್ವಾಪ ಇಳೀತದ. ಅಂತಾ ಊವ ಮೈಗ ಸಿಂಪಡಿಸ್ಕಂಡು ಹನೂರ ಬಸ್ ಅತ್ತೀಯಲ್ಲ, ಪಕ್ಕದ ಸೀಟೋರು ಯಾರ ಮನೇಲಿ ಸಾವಾಗದವ್ವಾ ಅಂತ ಕೇಳಲ್ವಾ? ಆಪೀಸಲ್ಲಿ ಯಾರೂ ಎದ್ದು ನಿಂತು ಕೈ ಮುಗೀಲಿಲ್ವಾ?

ಏನು ತಲ ಅಲ್ಲಾಡಿಸ್ತೀಯ, ವಾಸ್ನೆ ಚೆಂದಾಗದ ಅಂತಾನಾ? ಎಲ್ಲಿ ಚೆಂದ? ಮೊದ್ಲು ಫುಸ್ ಅಂದಾಗ ಅದು ಊವೇ ಅಲ್ಲ, ಸೊಂಟನೋವಿನ ಮುಲಾಮು. ಮೂಗು ಜುಮ್ ಅಂತದ, ಕಣ್ಣಲ್ಲಿ ನೀರು ಬತ್ತದ. ಕಾಲು ಗಂಟೆ ತಡ್ಕಬೇಕು. ಆಮೇಕ ಮೆಲ್ಲಗ ಬೆಣ್ಣ ಕಾಯ್ಸೋ ವಾಸ್ನೆ... ಇನ್ನೊಸಿ ಒತ್ಗ ತುಪ್ಪ ಆಯ್ತದ ಅನ್ನೋವಾಗ ಬತ್ತದಲ್ಲ, ಅದೇಯ. ಆವಾಗ ಬೇಕಾದ್ರ ಊವ ಅನ್ಬೋದು, ಸುಳ್ಳೇಳ್ಬಾರ್ದು. ಆದ್ರ ಸಿಹಿ ಜಾಸ್ತಿ. ಬಿಸ್ಲಲ್ಲಿ ಬಟ್ಟ ಒಣಾಕೋಕ ನಿಂತ್ರ ತಲ ಸಿಡೀತದ. ಮಧ್ಯಾನಕ್ಕ ಪೂರಾ ಮಲೀಕತದ, ಸತ್ತೇ ಓಯ್ತು ಅಂದ್ಕಬೇಕು, ಅಂಗ. ಸಂಜ ದೀಪ ಅಚ್ಚೋ ಒತ್ಗ ಮತ್ತ ಎದ್ದು ಬತ್ತದ ಕನಮ್ಮಿ... ತೆಂಗಿನಕಾಯಿ ಹಾಲ್ನಂಗ, ಕತ್ತಿನ ಬೆವ್ರ ಜೊತ ಸೇರ್ಕಂಡು. ತ್ವಾಟದ ಊವಿನ ಗುಣಾನೂ ಅದೇ, ಒತ್ತು ಮುಳುಗಿದ ಮ್ಯಾಲೇ ಬಾಯಿ ಬುಡೋದು. ಈ ಸೀಸೆ ಊವ್ಗ ಅದ ಯಾರು ಏಳ್ಕೊಟ್ರೋ ಕಾಣೆ. ಮಾರ್ನೇ ದಿಸ ಸೆರಗ ಮಡಚೋವಾಗ್ಲೂ ಒಂಚೂರು, ಇದ್ದೀನೋ ಇಲ್ವೋ ಅನ್ನೋಂಗ...

ಯಾಕ? ಯಾಕಂಗ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕಳಾಕ ನಾನೇನು... ನಿನ್ನ ಮೈಯಿಂದ ಬಂದ ವಾಸ್ನೇನೇ ನಾ ಏಳ್ತಿರೋದು. ಒಂದೇ ಮನೆ, ಒಂದೇ ಗಾಳಿ. ಮೂಗು ಮುಚ್ಕಂಡು ಓಡಾಡಾಕಾಯ್ತದಾ?

ಆ ವೇಲ ಯಾಕ ಎತ್ತಿ ತೋರ್ಸ್ತೀಯ? ಗೊತ್ತು. ನೀ ದಿನಾ ಆಕ್ಕಳೋದು ಚೂಡಿದಾರು. ನಿಂಗ ಸೆರಗಿಲ್ಲ. ಬೆಳಿಗ್ಗ ಎಂಟ್ಗ ಓದ್ರ ನೀ ಬರೋದೂ ದೀಪ ಅಚ್ಚಿದ್ಮೇಲೇಯ. ಗೊತ್ತು ಕನಮ್ಮಿ, ಎಲ್ಲ ಗೊತ್ತು.

... ಒಸಿ ಬಾಗ್ಲ ಮುಂದಕ್ಕ ತಳ್ಳು. ಪ್ರಸಾದ ಬಂದ್ರ ಅವನ್ಗ ಏಳ್ಬ್ಯಾಡ. ಅವ್ವ ಸೆಂಟಾಕ್ಕಂಡ್ಲು ಅಂದ್ರ ಅವ ನಗ್ತಾನ, ನಗೋದಿಲ್ಲ ಅಂದ್ರ ಇನ್ನೂ ಕಷ್ಟ.

ಆವತ್ತು ಯಳಂದೂರ್ಗ ತೊಟ್ಲು ಶಾಸ್ತ್ರಕ್ಕ ಓಗಿದ್ನಲ್ಲ. ಊವು ಕುಂಕುಮದ ತಟ್ಟ ಸಾಲಾಗಿ ಕೊಡ್ಕಂಡು ಬಂದ್ರು. ಎಡಗಡ ಕೂತಿದ್ದ ಮಹಾಲಕ್ಷ್ಮಮ್ಮನ್ಗ ಕೊಟ್ರು. ಬಲಗಡ ಇದ್ದೋಳ್ಗೂ ಕೊಟ್ರು. ನನ್ನ ಮುಂದ ಬಂದಾಗ ಮಾತ್ರ ಆ ತಟ್ಟ ಇಡ್ಕಂಡಿದ್ದ ಉಡುಗಿ ಬಿರ್ರನ ನನ್ನ ದಾಟ್ಕಂಡು ಒಂದೆಜ್ಜ ಆಕ್ತು. ಅದ್ರ ತೆಪ್ಪಲ್ಲ ಬುಡು, ಯಾರೋ ಕಲ್ಸವ್ರ. ನಿಮ್ಮ ಮಾವ ಓಗಿ ನಾಕೊರ್ಸ ಆಯ್ತು, ನಂಗೂ ಅಭ್ಯಾಸ ಆಗದ. ಆಗದ ಅಂದ್ಕಂಡಿದ್ದೆ. ಅಷ್ಟೊತ್ಗ ಮಹಾಲಕ್ಷ್ಮಮ್ಮ ಮೂಗರಳಿಸ್ಕಂಡು, "ಯಾರವ್ವ ಸುಗಂಧರಾಜ ಮುಡ್ದಿರೋರು, ಎಷ್ಟು ಚೆಂದಾಗದ" ಅಂದ್ಲು. ಅತ್ತು ಸವರನ್ ಚಿನ್ನ ಆಕ್ಕಂಡು ಕೂತಿದ್ದೋರೆಲ್ಲ ಒಬ್ರ ತುರುಬ ಒಬ್ರು ಇಣುಕಿ ನೋಡಿದ್ದೇ ನೋಡಿದ್ದು. ನಾನೂ ನೋಡ್ದೆ. ಸುಮ್ನ ಅಲ್ಲ, ಎದ್ದು ನಿಂತ್ಕಂಡು ಹಿಂದ್ಲ ಸಾಲ್ನೋರ್ನೂ ನೋಡ್ದೆ. ಅಷ್ಟು ಖುಷಿ ನಂಗ ನನ್ನ ಮದ್ವೇಲೂ ಆಗಿರ್ಲಿಲ್ಲ ಕನಮ್ಮಿ.

ದಿನಾ ಅಲ್ಲ. ಯಾವಾಗ್ಲಾರ ಒಂದ್ಸಲ... ದಿನಾನೇ. ನೀ ಬಸ್ ಅತ್ತಿದ್ಮೇಲೆ. ಕಿವಿ ಹಿಂದ ಒಂದು ಫುಸ್ಸು, ತುರುಬಿನ ಬುಡಕ್ಕ ಒಂದು ಫುಸ್ಸು. ನಿಜವಾದ ಊವ ಮುಡುದ್ರ ಊರ ಕಣ್ಗ ಬೀಳ್ತದ. ಇದು ಯಾರ ಕಣ್ಗೂ ಬೀಳಲ್ಲ. ಮುಡ್ಕಂಡಂಗೂ ಆಯ್ತು, ಮುಡೀದಂಗೂ ಆಯ್ತು. ಆಸ ಕನಮ್ಮಿ. ಆಸ ಪಟ್ಟೆ, ಇನ್ನೇನು ಏಳ್ಲಿ.

ಬೈಯಿ. ಬಾಯಿಬುಟ್ಟು ಬೈಯಿ, ಕೇಳ್ಕತೀನಿ. ಮುದ್ಕಿಗ ಯಾಕ ಸಿಂಗಾರ ಅನ್ನು. ನಾ ನಿನ್ನ ಅಷ್ಟು ಅಂದಿದ್ದೀನಲ್ಲ, ಒಸಿ ವಾಪಸ್ ಕೊಡು.

ಫೋನ ಯಾಕ ನನ್ನ ಮುಂದ ಇಟ್ಟೆ? ... ಚಿಕ್ಕಬಸಮ್ಮನ ನಂಬರಾ?

ಫೋನಲ್ಲಿ ಆಡೋ ಮಾತಲ್ಲ ಇದು. ತಡಿ, ಅವಳ ಮನೆ ಗಂಟ ನಾನೇ ನಡ್ಕಂಡು ಓಯ್ತೀನಿ. ಓಗಿ... ಓಗಿ ಏಳೋದಾದ್ರೂ ಏನ? ಅವಳ್ಗ ನಾ ಒಸ್ದಾಗಿ ಏಳೋದು ಏನೂ ಇಲ್ಲ. ಅವಳ್ಗ ಗೊತ್ತಿತ್ತು ದಿವ್ಯಾ. ಮೊದ್ಲಿಂದ್ಲೂ ಗೊತ್ತಿತ್ತು. ನನ್ನ ಸೀರ ರವ್ಕ ಒಗಿಯೋಳು ಅವಳೇ ತಾನೇ? ಒಂದಿನ ನನ್ನ ರವ್ಕವ ನೀರ್ಗ ಆಕೋಕ ಮುಂಚೆ ಮೂಗ್ಗ ಇಟ್ಕಂಡು ಕಣ್ಮುಚ್ಕಂಡು ನಿಂತಿದ್ಲು. ಅವಳ ಗಂಡ ಓಗಿ ಅತ್ತೊರ್ಸದ ಮ್ಯಾಲಾಯ್ತು. ನನ್ನ ಕಂಡದ್ದೇ ಬಕೀಟ್ಗ ಆಕ್ಬುಟ್ಟು ಸೋಪು ಉಜ್ಜೋಕ ಕೂತ್ಕಂಡ್ಲು. ನಾನೂ ಒಳಕ್ಕ ಬಂದ್ಬುಟ್ಟೆ.

ನೆನ್ನೆ ನೀ "ಬರ್ಬ್ಯಾಡ" ಅಂದಾಗ ನಾ ಇಲ್ಲೇ ಕಂಬದ ತಾವು ಸೊಪ್ಪು ಸೋಸ್ತಾ ಕೂತಿದ್ದೆ. ಅವಳ್ಗ ಒಂದೇ ಒಂದು ಮಾತು ಸಾಕಾಗಿತ್ತು. "ನಿಮ್ಮತ್ತೇನ ಕೇಳವ್ವ" ಅಂದಿದ್ರ ಮುಗೀತಿತ್ತು. ಅನ್ಲಿಲ್ಲ. ನನ್ನ ಮಖವ ಒಂದ್ಸಲ ನೋಡುದ್ಲು. ಆಮೇಕ ಸೆರಗ ಒದ್ಕಂಡು ಮೆಟ್ಲಿಳಿದು ಓದ್ಲು.

ನಾನು ಸೊಪ್ಪು ಸೋಸ್ತಾನೇ ಇದ್ದೆ.